ಅಳೆಯದೆ ಬಿಟ್ಟ ಕೋಣೆ

ಸಿದ್ಧಾರೂಢರು ಯಾರ ಮನೆಯಿಂದ ಹೊರಟರೂ ಬೆನ್ನು ತಿರುಗಿಸಿ ಹೊರಡುತ್ತಿರಲಿಲ್ಲ. ಎರಡೂ ಕೈ ಜೋಡಿಸಿ, ಮುಖವನ್ನು ಮನೆಯವರ ಕಡೆಗೇ ಇಟ್ಟುಕೊಂಡು, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ, ಹೊಸ್ತಿಲನ್ನು ಹಿಮ್ಮಡಿಯಿಂದ ತಡವಿ ಪತ್ತೆಹಚ್ಚಿ, ದಾಟಿ, ಹೊರಗಿನ ಮೆಟ್ಟಿಲು ಇಳಿದ ಮೇಲೆಯೇ ಅವರು ತಿರುಗುತ್ತಿದ್ದುದು. ಮೊದಲ ಸಲ ನೋಡಿದವರು ಇದೇನೋ ಕಾಯಿಲೆಯಿರಬೇಕು ಎಂದುಕೊಳ್ಳುತ್ತಿದ್ದರು. ಎರಡನೆಯ ಸಲ ನೋಡಿದವರು ನಾಟಕ ಎನ್ನುತ್ತಿದ್ದರು. ಕಡಲಾಚೆಯ ಈ ಮಿಲ್ಪಿಟಾಸಿನ ನಮ್ಮ ಟೌನ್‌ಹೌಸುಗಳ ಸಾಲಿನ ಮಕ್ಕಳಂತೂ ಅವರು ಹೋದ ಮೇಲೆ ಕೋಣೆಯ ತುಂಬ ಹಿಮ್ಮುಖವಾಗಿ ನಡೆದು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಸರಟೋಗಾದ ಡಾಕ್ಟರ್ ಆನಂದತೀರ್ಥರ ಮನೆಯ ಬಾಗಿಲಲ್ಲಿದ್ದ ಪಿಂಗಾಣಿಯ ಹೂಕುಂಡವೊಂದು ಈ ವಿನಯಕ್ಕೆ ಬಲಿಯಾಗಿ ಚೂರಾದ ಮೇಲೆ, ಡಾಕ್ಟರ ಹೆಂಡತಿ, ಇಂದು ಎಂಬ ಹೆಸರಿನವರು, ಸಿದ್ಧಾರೂಢರು ಊಟಕ್ಕೆ ಬರುವ ದಿನ ಬಾಗಿಲ ಬಳಿ ಇದ್ದುದನ್ನೆಲ್ಲ ಮುಂಚಿತವಾಗಿಯೇ ಒಳಗೆ ಎತ್ತಿಡುವುದನ್ನು ರೂಢಿಮಾಡಿಕೊಂಡಿದ್ದರು.

ಈ ನಡಿಗೆಯನ್ನು ಅವರು ಕಲಿತದ್ದು ಗೋರಿಗಳಲ್ಲಿ. ವಿಜಯಪುರದ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಗುಮ್ಮಟಗಳ ನೆರಳಿನಲ್ಲಿ ಗೋಲಿಯಾಡಿ ಬೆಳೆದ ಅವರು ವಾಸ್ತುಶಿಲ್ಪ ಓದಿ, ಪ್ರಾಯದ ವರ್ಷಗಳನ್ನೆಲ್ಲ ಉತ್ತರ ಭಾರತದ ಮೊಗಲ್ ಗೋರಿಗಳ ಅಳತೆ ತೆಗೆಯುವುದರಲ್ಲಿ, ಅವುಗಳ ನಕ್ಷೆ ಬರೆಯುವುದರಲ್ಲಿ ಕಳೆದಿದ್ದರು. ಅಲ್ಲಿ ನೆಲಮಾಳಿಗೆಯಿಂದ ಮೇಲೆ ಬರುವಾಗ ಕಾವಲಿನವರು ಒಳಗೆ ಮಲಗಿದವರಿಗೆ ಬೆನ್ನು ತೋರಿಸದೆ, ಕಡಿದಾದ ಮೆಟ್ಟಿಲುಗಳನ್ನು ಹಿಮ್ಮುಖವಾಗಿಯೇ ಹತ್ತುವುದನ್ನು ಕಂಡು, ತಾವೂ ಹಾಗೆಯೇ ಹತ್ತಿ, ಕೊನೆಗೆ ಆ ನಡಿಗೆ ಕಾಲಿಗೇ ಅಂಟಿಕೊಂಡಿತಂತೆ. ನಾನೊಮ್ಮೆ ಕೇಳಿದ್ದಕ್ಕೆ, "ಸತ್ತವರಿಗೆ ಕೊಡೋ ಮರ್ಯಾದಿ ಬದುಕಿದವರಿಗೂ ಕೊಟ್ರ ನಮ್ಮ ಗಂಟೇನು ಹೋಗತೈತಿ, ತಂಗಿ?" ಎಂದಿದ್ದರು.

ಎತ್ತರದ ಆಳು. ಗಿಡ್ಡ ಬಾಗಿಲುಗಳಲ್ಲಿ ನುಸುಳಿ ನುಸುಳಿ ಕತ್ತು ಶಾಶ್ವತವಾಗಿ ಮುಂದಕ್ಕೆ ಬಾಗಿತ್ತು. ಬೇಸಿಗೆಯಿರಲಿ ಚಳಿಯಿರಲಿ ಮೈಮೇಲೊಂದು ಕಂದು ಬಣ್ಣದ ಕಾರ್ಡುರಾಯ್ ಕೋಟು. ಅದರ ಬಲಜೇಬು ಅಳತೆಯ ಸ್ಟೀಲ್ ಟೇಪಿನ ಭಾರಕ್ಕೆ ಜೋತು, ಎಡಜೇಬಿಗಿಂತ ಗೇಣುದ್ದ ಕೆಳಗಿಳಿದಿತ್ತು. ಮಾತಿಗೆ ಮೊದಲು "ನಾ ಕಂಡಂಗ" ಎಂಬ ಎರಡು ಪದ ಬರದೆ ಅವರ ಬಾಯಿಂದ ಯಾವ ಸಂಗತಿಯೂ ಹೊರಬೀಳುತ್ತಿರಲಿಲ್ಲ. ನಾ ಕಂಡಂಗ ಆ ಗೋಡಿ ಮೂರು ಮೊಳ ದಪ್ಪ ಐತಿ. ನಾ ಕಂಡಂಗ ನಿಮ್ಮ ಸಾರಿಗೆ ಉಪ್ಪು ಕಡಿಮಿ. ಕಣ್ಣಾರೆ ಕಾಣದ್ದರ ಬಗ್ಗೆ ಕೇಳಿದರೆ, ಅದು ಎಷ್ಟೇ ಪ್ರಸಿದ್ಧವಾದ ವಿಷಯವಾಗಿದ್ದರೂ, "ಗೊತ್ತಿಲ್ರಿ" ಎಂದುಬಿಡುತ್ತಿದ್ದರು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅರೆಕಾಲಿಕ ಅಧ್ಯಾಪಕರಾಗಿದ್ದು, ಎಂದೂ ಪೂರ್ಣಕಾಲಿಕರಾಗದೆ ಉಳಿದದ್ದಕ್ಕೆ ಈ "ಗೊತ್ತಿಲ್ರಿ" ಕೂಡ ಒಂದು ಕಾರಣವಿರಬಹುದು. ಅಷ್ಟೂ ವರ್ಷ ಹಳೆಯ ಕಾರೊಂದರಲ್ಲಿ ಫ್ರೀವೇಯ ಮೇಲೆ ಆಮೆಯಂತೆ ತೆವಳಿ ಹೋಗಿಬಂದರು. ಮಿಲ್ಪಿಟಾಸಿಗೆ ರೈಲು ಬಂದ ವರ್ಷವೇ ಅವರು ನಿವೃತ್ತರಾದರು. ಇದನ್ನು ಹೇಳಿ ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು.

ಗೋರಿಗಳ ವಿಷಯ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ. ನಮ್ಮ ಅಡಿಗೆಮನೆಯ ಮೇಜಿನ ಮುಂದೆ ಚಹಾ ಆರಿಸಿಕೊಳ್ಳುತ್ತ ಅವರು ಹೇಳಿಕೊಟ್ಟದ್ದು ನನಗೆ ಈಗಲೂ ಬಾಯಿಪಾಠವಿದೆ. ಮೇಲಿನ ಹಜಾರದಲ್ಲಿ ಅಮೃತಶಿಲೆಯ, ಹೂಬಳ್ಳಿಗಳ, ಬಣ್ಣದ ಹರಳುಗಳ ಗೋರಿಯೊಂದು ಕಾಣುತ್ತದಲ್ಲ, ಅದರಲ್ಲಿ ಯಾರೂ ಇರುವುದಿಲ್ಲ. ಅದು ನೋಡಲು ಬರುವವರಿಗಾಗಿ ಮಾಡಿದ್ದು. ನಿಜವಾದ ಗೋರಿ ಅದರ ನೇರ ಕೆಳಗೆ, ನೆಲಮಾಳಿಗೆಯಲ್ಲಿ, ಮಣ್ಣಿನಲ್ಲಿ, ಬಹುಪಾಲು ಬೋಳಾಗಿಯೇ ಇರುತ್ತದೆ. "ಮ್ಯಾಲ ಬಂದವರು ಮಾತಾಡ್ತಾರ, ಫೋಟೋ ಹೊಡಿತಾರ, ಕೂಸು ಅಳ್ತಾವ. ತಳಗ ಮಲಗಿದವರಿಗೆ ಅದ್ಯಾವುದೂ ತಟ್ಟಬಾರದು. ಅದಕ್ಕ ಎರಡು." ಕೆಲವು ದೊಡ್ಡ ಗೋರಿಗಳ ನೆಲಮಾಳಿಗೆಯ ಬಾಗಿಲನ್ನು ವರ್ಷಕ್ಕೊಮ್ಮೆ, ಉರುಸಿನ ದಿನಗಳಲ್ಲಿ ಮಾತ್ರ ತೆರೆಯುತ್ತಾರೆ, ಉಳಿದ ದಿನವೆಲ್ಲ ಒಳಗೆ ಕತ್ತಲೆ. ಗಂಡಸಿನ ಗೋರಿಯ ಮೇಲೆ ಲೇಖನಿಯ ಪೆಟ್ಟಿಗೆಯನ್ನೂ ಹೆಂಗಸಿನ ಗೋರಿಯ ಮೇಲೆ ಬರೆಯುವ ಹಲಗೆಯನ್ನೂ ಕೆತ್ತುವ ಪದ್ಧತಿಯುಂಟು. ಅವನು ಬರೆಯಬೇಕು, ಅವಳು ತನ್ನ ಮೇಲೆ ಬರೆಯಿಸಿಕೊಳ್ಳಬೇಕು ಎಂದು ಜನ ಅದಕ್ಕೆ ಅರ್ಥ ಹೇಳುತ್ತಾರೆ ಎಂದಾಗ, ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಬಂಗಾರೆವ್ವ, "ನಮ್ಮ ಮನಿಯಾಗ ಹಲಗಿ ಇವರ ಮ್ಯಾಲ ಕೆತ್ತಬೇಕ್ರಿ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಆ ಬಂಗಾರೆವ್ವ ಹೆಚ್ಚು ಕಾಲ ಬದುಕಲಿಲ್ಲ. ಯಕೃತ್ತಿನ ಕಾಯಿಲೆ ಗೊತ್ತಾದ ಮೇಲೆ ಒಂದು ಮಳೆಗಾಲವನ್ನೂ ಪೂರ್ತಿ ಕಾಣಲಿಲ್ಲ. ಸಾಯುವ ಮುಂಚೆ ಆಕೆ ಗಂಡನಿಂದ ಒಂದೇ ಮಾತು ಪಡೆದಿದ್ದರು: ತನ್ನನ್ನು ಸುಡಬಾರದು, ತನ್ನ ತಾಯಿಯನ್ನೂ ಅಜ್ಜಿಯನ್ನೂ ಕೂಡಿಸಿದಂತೆ, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲೇ ಮಣ್ಣಿಗೆ ಕೊಡಬೇಕು. ಈ ದೇಶದ ಸ್ಮಶಾನಗಳಲ್ಲಿ ಅದು ಸುಲಭದ ಮಾತಲ್ಲ. ಒಂದು ಕಡೆ ಮರದ ಪೆಟ್ಟಿಗೆ ಕಡ್ಡಾಯವೆಂದರು, ಇನ್ನೊಂದು ಕಡೆ ಪೆಟ್ಟಿಗೆಯ ಸುತ್ತ ಕಾಂಕ್ರೀಟಿನ ತೊಟ್ಟಿಯೂ ಬೇಕೆಂದರು. ಆಗ ಕೆಲಸಕ್ಕೆ ನಿಂತವರು ಡಾಕ್ಟರ್ ಆನಂದತೀರ್ಥರು. ಮೈಸೂರಿನ ಮಾಧ್ವ ಬ್ರಾಹ್ಮಣರ ಮನೆಯವರು, ಹುಟ್ಟಿದಂದಿನಿಂದ ಒಂದು ಹೆಣ ಹೂಳುವುದನ್ನೂ ಕಂಡವರಲ್ಲ. ಆದರೂ ಒಂದೊಂದೇ ಸ್ಮಶಾನಕ್ಕೆ ಫೋನು ಮಾಡಿ, ವಾದಿಸಿ, ಕೊನೆಗೆ ಪೂರ್ವದ ಗುಡ್ಡಗಳ ನಡುವೆ ಪೆಟ್ಟಿಗೆಯಿಲ್ಲದೆ ಬರಿಯ ಬಟ್ಟೆಯಲ್ಲಿ ಸುತ್ತಿ ಮಣ್ಣಿಗೆ ಕೊಡಲು ಬಿಡುವ ಜಾಗವೊಂದನ್ನು ಹುಡುಕಿದರು. ಕೂಡಿಸುವುದಕ್ಕೆ ಮಾತ್ರ ಅಲ್ಲಿಯೂ ಒಪ್ಪಲಿಲ್ಲ. ಸಿದ್ಧಾರೂಢರು ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತಾಗ ಡಾಕ್ಟರು ಅವರ ಮುಂದೆ ಮಂಡಿಯೂರಿ, "ಸಿದ್ಧಣ್ಣ, ಮಣ್ಣು ಸಿಕ್ಕಿದೆ. ಅಷ್ಟಾದ್ರೂ ಸಿಕ್ಕಿದೆ. ಬಾ" ಎಂದದ್ದನ್ನು ನಾನೇ ನೋಡಿದ್ದೇನೆ.

ಅಂದು ಡಾಕ್ಟರು ಬೂಟು ಕಾಲುಚೀಲ ಕಳಚಿ, ತಣ್ಣನೆಯ ಜೇಡಿಮಣ್ಣಿನಲ್ಲಿ ಬರಿಗಾಲಲ್ಲಿ ನಿಂತು, ದೇಹ ಇಳಿಸುವ ಪಟ್ಟಿಯ ಒಂದು ತುದಿ ಹಿಡಿದು ಬಂಗಾರೆವ್ವನನ್ನು ಗುಂಡಿಗೆ ಇಳಿಸಿದರು. ಜಂಗಮರು ಕೊಟ್ಟ ಬಿಲ್ವಪತ್ರೆಯನ್ನು ಸಿದ್ಧಾರೂಢರು ಹಾಕದೆ ಹಿಡಿದುಕೊಂಡೇ ನಿಂತಾಗ ಅವರ ಕೈಯ ಕೆಳಗೆ ತಮ್ಮ ಕೈ ಕೊಟ್ಟು ಹಾಕಿಸಿದರು. ಹಿಂತಿರುಗಲು ಕಾರಿನಲ್ಲಿ ಕೂತಾಗ, "ನಮ್ಮಮ್ಮ ಇದ್ದಿದ್ರೆ ನನಗೆ ಗ್ಯಾರೇಜಲ್ಲೇ ಸ್ನಾನ ಮಾಡಿಸಿ ಒಳಗೆ ಬಿಡ್ತಿದ್ರು" ಎಂದು ಹೇಳಿ, ನಗಲು ಹೋಗಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತರು. ಅಂದಿನಿಂದ ಸಿದ್ಧಾರೂಢರು ಡಾಕ್ಟರ ಯಾವ ಮಾತಿಗೂ ಇಲ್ಲವೆಂದವರಲ್ಲ.

ಇನ್ನು ಮುಂದಿನದನ್ನು ಹೇಳುವ ಮೊದಲು ಒಂದು ಹಳೆಯ ಸಂಗತಿಯನ್ನು ಹೇಳಬೇಕು. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಅವರು ಆಸ್ಪತ್ರೆಯಲ್ಲಿದ್ದಾಗ. "ನೀವು ಬರಿಯೋರು. ಬರದ್ರ ಊರ ಹೆಸರು ಬಿಟ್ಟು ಬರೀರಿ" ಎಂದು ಅವರು ಹೇಳಿದ್ದರಿಂದ ಊರನ್ನು ಬಿಟ್ಟಿದ್ದೇನೆ, ಉಳಿದ ಗುರುತುಗಳನ್ನೂ ಬದಲಿಸಿದ್ದೇನೆ, ಯಾರೂ ಹುಡುಕಿ ಹೋಗಬಾರದೆಂದು.

ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ನದಿಯ ದಂಡೆಯ ಒಂದು ಸಣ್ಣ ಮೊಗಲ್ ಗೋರಿಯ ನೆಲ ಕುಸಿದು ದುರಸ್ತಿ ನಡೆಯುತ್ತಿತ್ತು. ಅಳತೆ ತೆಗೆಯಲು ಇವರನ್ನು ಕಳಿಸಿದ್ದರು. ನೆಲಮಾಳಿಗೆಯಲ್ಲಿ ಯಾರೋ ಸರದಾರನ ಗೋರಿ. ಅದರ ಆಚೆ ಗೋಡೆಯಲ್ಲಿ ಮಗುವೊಂದು ಬಗ್ಗದೆ ಹೋಗುವಷ್ಟೇ ಎತ್ತರದ ಬಾಗಿಲು, ಬಾಗಿಲಾಚೆ ಒಂದು ಒಳಕೋಣೆ. ಲಾಟೀನು ಹಿಡಿದು ಇವರು ಆ ಒಳಕೋಣೆಗೆ ತೂರಿದಾಗ ಮೂಲೆಯಲ್ಲಿ ಒಂದು ಪುಟ್ಟ ಮಣ್ಣಿನ ದಿಬ್ಬ ಕಂಡಿತು. ಮೇಲೆ ಹಸಿರು ಬಟ್ಟೆಯ ತುಂಡು, ತಲೆಯ ಕಡೆ ಒಂದು ಇಟ್ಟಿಗೆ. ಮುನ್ನೂರು ವರ್ಷ ಹಳೆಯ ಕೋಣೆಯಲ್ಲಿ ಬಟ್ಟೆಯ ಬಣ್ಣ ಇನ್ನೂ ಮಾಸಿರಲಿಲ್ಲ. ಇವರು ಟೇಪು ಎಳೆದು ದಿಬ್ಬದ ಮೇಲಿಟ್ಟರು. ಅದು ಒಂದು ಮೊಳಕ್ಕಿಂತ ಸ್ವಲ್ಪವೇ ಉದ್ದವಿತ್ತು. ಹಿಂದಿನಿಂದ ಹೆಂಗಸಿನ ದನಿ ಕೇಳಿತು, "ಅದನ್ನ ಅಳೀಬೇಡ ಭೈಯಾ."

ಕಾವಲುಗಾರನ ಹೆಂಡತಿ. ನೆಲಮಾಳಿಗೆಯ ಕಸ ಗುಡಿಸಿ, ಗುರುವಾರ ಊದುಬತ್ತಿ ಹಚ್ಚುವುದು ಅವಳ ಪಾಲಿನ ಕೆಲಸ. ಹಿಂದಿನ ಮಳೆಗಾಲ ಜ್ವರದಲ್ಲಿ ಅವಳ ಕೂಸು ಹೋಗಿತ್ತು. ನದಿ ಉಕ್ಕಿ ಊರಿನ ಖಬರಸ್ತಾನವೆಲ್ಲ ನೀರಿನಡಿ, ಗಂಡ ಪರವೂರಲ್ಲಿ, ಸತ್ತ ಕೂಸನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂರುವುದು? ಆ ಊರಿನಲ್ಲೆಲ್ಲ ಒಣಗಿದ ಮಣ್ಣು ಇದ್ದುದು ಅಲ್ಲೊಂದೇ ಕಡೆ. ಕೀಲಿ ಅವಳ ಸೊಂಟದಲ್ಲೇ ಇತ್ತು. ಅಡಿಗೆಯ ಸೌಟಿನಲ್ಲಿ ಅಗೆದೆ ಎಂದಳಂತೆ. ಸರಕಾರದ ಕಟ್ಟಡದಲ್ಲಿ ಹೀಗೆ ಮಾಡಿದ್ದು ಗೊತ್ತಾದರೆ ಗಂಡನ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೂಸನ್ನು ಅಗೆದು ಹೊರಗೆ ಹಾಕುತ್ತಾರೆ.

ಸಿದ್ಧಾರೂಢರು ಟೇಪು ಸುತ್ತಿಕೊಂಡರು. ನಕ್ಷೆಯಲ್ಲಿ ಆ ಒಳಕೋಣೆಯ ಜಾಗವನ್ನು ಖಾಲಿ ಬಿಟ್ಟು, "ಪ್ರವೇಶ ಸಿಗಲಿಲ್ಲ" ಎಂದು ಬರೆದರು. ಇಂಜಿನಿಯರನಿಗೆ ಗೋಡೆ ದುರ್ಬಲವಾಗಿದೆಯೆಂದು ಹೇಳಿ ಆ ಸಣ್ಣ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದರು. ಕಂಡದ್ದನ್ನು ಕಾಣಲಿಲ್ಲವೆಂದು ಅವರು ಬರೆದದ್ದು ಬದುಕಿನಲ್ಲಿ ಅದೊಂದೇ ಸಲ. ಇಟ್ಟಿಗೆಯ ಕೊನೆಯ ಸಾಲು ಏರುವಾಗ ಅವಳು ಅಲ್ಲಿಯೇ ಕೂತು ನೋಡುತ್ತಿದ್ದಳಂತೆ. ಅಳಲಿಲ್ಲ, ಧನ್ಯವಾದ ಹೇಳಲಿಲ್ಲ. ಯಾರಿಗೂ ಹೇಳಬೇಡ ಎಂದಷ್ಟೇ ಹೇಳಿದಳು. ಇವರು ಹೂಂ ಎಂದರು.

ಆ ನಕ್ಷೆ ಯಾವುದೋ ಪುಸ್ತಕದಲ್ಲಿ ಅಚ್ಚಾಗಿ, ನಲವತ್ತು ವರ್ಷಕ್ಕೂ ಹೆಚ್ಚು ಯಾರ ಕಣ್ಣಿಗೂ ಬೀಳದೆ ಇತ್ತು. ಕೆಲವು ವರ್ಷಗಳ ಹಿಂದೆ, ಗೋರಿಗಳ ಅಡಿಯ ಮುಚ್ಚಿದ ಕೋಣೆಗಳಲ್ಲಿ ಗುಡಿಯ ಮೂರ್ತಿಗಳನ್ನೂ ಏನೇನನ್ನೋ ಬಚ್ಚಿಟ್ಟಿದ್ದಾರೆ ಎಂಬ ವಿಡಿಯೋಗಳು ಎಲ್ಲರ ಫೋನುಗಳಲ್ಲಿ ಹರಿದಾಡತೊಡಗಿದ ಕಾಲಕ್ಕೆ, ಯಾರೋ ಅದನ್ನೂ ಹುಡುಕಿ ತೆಗೆದರು. ಖಾಲಿ ಜಾಗದ ಸುತ್ತ ಕೆಂಪು ವೃತ್ತ ಬರೆದರು. ಇಲ್ಲಿ ಏನಿದೆ, ಯಾಕೆ ಮುಚ್ಚಿದರು, ಯಾರಿಗೆ ಹೆದರಿದರು ಎಂದು ಹಿನ್ನೆಲೆ ಸಂಗೀತದೊಂದಿಗೆ ಕೇಳಿದರು. ಕೋಣೆಯನ್ನು ಒಡೆದು ತೋರಿಸಬೇಕೆಂದು ಅರ್ಜಿಯೂ ಬಿತ್ತು. ನಕ್ಷೆಯ ಮೂಲೆಯಲ್ಲಿದ್ದ ಹೆಸರು ನಮ್ಮ ಬೀದಿಯ ಸಿದ್ಧಾರೂಢರದು ಎಂಬುದನ್ನು ಇಡೀ ಬೇ ಏರಿಯಾದ ಕನ್ನಡಿಗರಲ್ಲಿ ಮೊದಲು ಗಮನಿಸಿದವರು ಡಾಕ್ಟರ್ ಆನಂದತೀರ್ಥರು.

ಡಾಕ್ಟರು ಕೆಟ್ಟವರಾಗಿರಲಿಲ್ಲ; ಇದನ್ನು ನಾನು ಒತ್ತಿ ಹೇಳಬೇಕು. ಕ್ಲಿನಿಕ್ಕು ಬಿಟ್ಟ ಮೇಲೆ ಹೊತ್ತು ಹೋಗದ, ದೊಡ್ಡ ಮನೆಯಲ್ಲಿ ಸೋಫಾದ ಒಂದೇ ಮೂಲೆಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಫೋನು ನೋಡುವ, ಅದರಲ್ಲಿ ಬಂದದ್ದಕ್ಕೆಲ್ಲ ಮನಸ್ಸು ಕುದಿಸಿಕೊಳ್ಳುವ ಹಲವರಲ್ಲಿ ಒಬ್ಬರಾಗಿದ್ದರು, ಅಷ್ಟೆ. ಅವರಿಗೆ ಇದು ತಮ್ಮ ಗೆಳೆಯನಿಗೆ ಕೊನೆಗೂ ಸಲ್ಲಬೇಕಾದ ಗೌರವ ಸಲ್ಲುವ ಸಂದರ್ಭವಾಗಿಯೂ ಕಂಡಿತ್ತು. ಮಿಲ್ಪಿಟಾಸಿನ ಒಂದು ಹಾಲ್ ಗೊತ್ತುಮಾಡಿದರು. ಭಾಷಣಕ್ಕೆ "ಮುಚ್ಚಿದ ಬಾಗಿಲು" ಎಂದು ಹೆಸರಿಟ್ಟರು. ಆ ವಾರ ಸಿದ್ಧಾರೂಢರ ಅಪಾರ್ಟ್‌ಮೆಂಟಿಗೆ ಬಂದು, ನಾನು ಕಾಫಿ ಸೋಸುತ್ತಿದ್ದಾಗಲೇ ಹೇಳಿದರು:

"ಸಿದ್ಧಣ್ಣ, ನೀನು ಏನೂ ಪ್ರೂವ್ ಮಾಡಬೇಕಾಗಿಲ್ಲ. ಒಂದೇ ಒಂದು ಸೆಂಟೆನ್ಸು. ‘ಒಳಗೆ ಏನಿದೆ ಅಂತ ಹೇಳಕ್ಕಾಗಲ್ಲ, ತೆಗೆದು ನೋಡೋದು ಒಳ್ಳೇದು’ ಅನ್ನು. ಅಷ್ಟೇ ಸಾಕು."

"ನೋಡೂಣ್ರಿ, ಡಾಕ್ಟ್ರ."

"ನೋಡೋಣ ಅಲ್ಲ. ಬರ್ತೀಯ ತಾನೆ?"

"ನೀವು ಕರದ ಮ್ಯಾಲ ಬರದ ಇರ್ತೀನೇನು?"

ಆ ಭಾನುವಾರ ಸಂಜೆ ಹಾಲ್ ತುಂಬಿತ್ತು. ಬಾಗಿಲಲ್ಲಿ ಸಮೋಸ, ಕಾಗದದ ಲೋಟಗಳಲ್ಲಿ ಕಾಫಿ, ಓಣಿಯಲ್ಲಿ ಓಡಾಡುವ ಮಕ್ಕಳು. ಸಿದ್ಧಾರೂಢರು ಮುಕ್ಕಾಲು ಗಂಟೆ ಗುಮ್ಮಟಗಳ ಬಗ್ಗೆ, ಜಾಲಂಧ್ರಗಳ ಬಗ್ಗೆ, ಎರಡು ಗೋರಿಗಳ ಪದ್ಧತಿಯ ಬಗ್ಗೆ ತಗ್ಗಿದ ದನಿಯಲ್ಲಿ ಹೇಳಿದರು. ಸತ್ತವರ ಮನೆಯ ಬಾಗಿಲು ಯಾಕೆ ಮುಚ್ಚುತ್ತಾರೆ ಎಂದರೆ ಅವರು ಮಲಗಿರಲಿ ಎಂದು, ಅದರಾಚೆ ಗುಟ್ಟೇನಿಲ್ಲ ಎಂದರು. ಜನ ತಾಳ್ಮೆಗೆಟ್ಟು ಕುರ್ಚಿಗಳಲ್ಲಿ ಹೊರಳಾಡುತ್ತಿದ್ದರು. ಪ್ರಶ್ನೆಗಳ ಹೊತ್ತಿಗೆ ನಾಗಾರ್ಜುನನೆಂಬ ಯುವ ಇಂಜಿನಿಯರೊಬ್ಬ ಎದ್ದು ನಿಂತ.

"ಸರ್, ನಿಮ್ಮದೇ ಡ್ರಾಯಿಂಗಲ್ಲಿ ಆ ರೂಮು ಬ್ಲ್ಯಾಂಕ್ ಇದೆ. ಅಲ್ಲಿ ಏನಿದೆ?"

"ಗೋರಿ ಅದು. ಗೋರಿಯಾಗ ಸತ್ತವರು ಇರ್ತಾರ."

"ಯಾರು, ಸರ್?"

"ಸತ್ತವರು."

ಕೆಲವರು ನಕ್ಕರು. ವೇದಿಕೆಯ ಮೇಲೆಯೇ ಕೂತಿದ್ದ ಆನಂದತೀರ್ಥರ ಮುಖ ಕೆಂಪಾಯಿತು. ಅವರು ಕಾಯುತ್ತಿದ್ದ ಆ ಒಂದು ವಾಕ್ಯ ಬಂದಿರಲಿಲ್ಲ. ಮೈಕು ಎಳೆದುಕೊಂಡರು, ಅಲ್ಲಿಯವರೆಗೆ ಎಂದೂ ಆಡದ ಬಹುವಚನದಲ್ಲಿ ಮಾತಾಡಿದರು.

"ಸಿದ್ಧಾರೂಢ ಅವರೇ, ಆ ಜಾಗದಲ್ಲಿ ನೀವು ಪ್ರತಿಯೊಂದು ರೂಮಿಗೂ ಲಾಟೀನು ಹಿಡ್ಕೊಂಡು ಹೋಗಿದ್ದೆ ಅಂತ ನನ್ನ ಮನೇಲಿ ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದ್ದೀರಿ. ಡ್ರಾಯಿಂಗಲ್ಲಿ ಪ್ರವೇಶ ಸಿಗಲಿಲ್ಲ ಅಂತ ಬರೆದಿದ್ದೀರಿ. ಯಾವುದು ನಿಜ? ಒಳಗೆ ಹೋಗಿದ್ರೋ, ಇಲ್ವೋ?"

ಅವರು ಇಲ್ಲವೆನ್ನಬಹುದಿತ್ತು. ನೆನಪಿಲ್ಲವೆನ್ನಬಹುದಿತ್ತು. ಎಪ್ಪತ್ತು ದಾಟಿದವರನ್ನು ಅದಕ್ಕಾಗಿ ಯಾರೂ ಹಿಡಿದು ನಿಲ್ಲಿಸುತ್ತಿರಲಿಲ್ಲ.

"ಹೋಗಿದ್ದೆ" ಎಂದರು ಸಿದ್ಧಾರೂಢರು.

"ಏನಿತ್ತು?"

ಸಿದ್ಧಾರೂಢರು ಕೋಟಿನ ಜೇಬಿಗೆ ಕೈಹಾಕಿ ಟೇಪನ್ನು ಬಿಗಿಯಾಗಿ ಹಿಡಿದುಕೊಂಡದ್ದು ನನಗೆ ಮೊದಲ ಸಾಲಿನಿಂದ ಕಾಣುತ್ತಿತ್ತು.

"ಹೇಳಂಗಿಲ್ರಿ."

ಗದ್ದಲವೆದ್ದಿತು. ಯಾರೋ ಸುಳ್ಳ ಎಂದರು. ಯಾರೋ ಇಂಗ್ಲಿಷಿನಲ್ಲಿ ಮಾರಿಕೊಂಡವನು ಎಂದರು. ಆ ಗದ್ದಲದ ಮೇಲೆ ಡಾಕ್ಟರ ದನಿ, ಮೈಕು ಬಾಯಿಗೆ ತೀರಾ ಹತ್ತಿರವಿದ್ದುದರಿಂದ, ಅವರು ಉದ್ದೇಶಿಸಿದ್ದಕ್ಕಿಂತ ಹೆಚ್ಚು ದೊಡ್ಡದಾಗಿ ಕೇಳಿತು: "ಹೂಳೋ ಜನ ನೀವು. ಹೂಳೋರ ಗುಟ್ಟು ನೀವು ಬಿಟ್ಟುಕೊಡ್ತೀರಾ?"

ಹೇಳಿದ ಮರುಕ್ಷಣ ಡಾಕ್ಟರು ಮೈಕನ್ನು ಕೆಳಗಿಟ್ಟರು. ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತದ್ದು ಅವರಿಗೂ ನೆನಪಾಗಿರಬೇಕು. ಸಿದ್ಧಾರೂಢರು ಒಂದು ಗಳಿಗೆ ಗೆಳೆಯನ ಮುಖ ನೋಡಿದರು. ಆಮೇಲೆ ತಿರುಗಿ, ನಾನು ಕಂಡಂತೆ ಮೊದಲ ಬಾರಿಗೆ ಬೆನ್ನು ತೋರಿಸಿ, ವೇದಿಕೆಯಿಂದ ಇಳಿದು, ಕುರ್ಚಿಗಳ ನಡುವೆ ನೆಟ್ಟಗೆ ನಡೆದು ಹೊರಗೆ ಹೋದರು. ನಾನು ಓಡಿಹೋಗಿ ಕಾರಿಗೆ ಹತ್ತಿಸಿಕೊಂಡೆ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಹಾಲು ಮುಗದೈತಿ. ಅಂಗಡಿ ಕಡೆ ಒಂದಿಷ್ಟು ನಿಂದರಸ್ರಿ." ಅಂಗಡಿಯಲ್ಲಿ ಹಾಲಿನ ತಂಪು ಕಪಾಟಿನ ಮುಂದೆ, ಯಾವುದನ್ನು ತೆಗೆದುಕೊಳ್ಳಬೇಕೆಂದು ಮರೆತವರಂತೆ, ಬಾಗಿಲು ಹಿಡಿದು ಬಹಳ ಹೊತ್ತು ನಿಂತೇ ಇದ್ದರು. ತಣ್ಣನೆಯ ಗಾಳಿ ಅವರ ಮುಖಕ್ಕೆ ಬೀಸುತ್ತಿತ್ತು.

ಆಮೇಲಿನದು ನಿಧಾನವಾಗಿ ಆಯಿತು. ಯಾರೂ ಅವರನ್ನು ಬಯ್ಯಲಿಲ್ಲ, ಬಹಿಷ್ಕಾರ ಹಾಕಲಿಲ್ಲ. ಭಾನುವಾರ ಅವರು ನಡೆಸುತ್ತಿದ್ದ ಕನ್ನಡ ಪಾಠದ ಹೊತ್ತಿಗೇ ಒಬ್ಬರ ಮಗನಿಗೆ ಈಜಿನ ಕ್ಲಾಸು ಬಂತು, ಇನ್ನೊಬ್ಬರ ಮಗಳಿಗೆ ಸಾಕರ್ ಆಟ ಬಂತು, ಒಂದು ತಿಂಗಳಲ್ಲಿ ಕೋಣೆ ಖಾಲಿಯಾಯಿತು. ಗ್ರೋಸರಿ ಅಂಗಡಿಯಲ್ಲಿ ಪರಿಚಿತರ ತಳ್ಳುಗಾಡಿಗಳು ಅವರನ್ನು ಕಂಡು ಬೇರೆ ಸಾಲಿಗೆ ಹೊರಳುತ್ತಿದ್ದವು. ಹಬ್ಬದ ಆಹ್ವಾನಗಳು ಬರುವುದು ನಿಂತವು. ಡಾಕ್ಟರ ಹೆಂಡತಿ ಇಂದು ಅವರೊಬ್ಬರು, ಗಂಡನಿಗೆ ತಿಳಿಯದಂತಿರಬೇಕು, ಒಂದು ದಿನ ಬಿಸಿಬೇಳೆಬಾತಿನ ಡಬ್ಬಿಯನ್ನು ಬಾಗಿಲ ಬಳಿ ಇಟ್ಟು, ಬೆಲ್ಲು ಒತ್ತಿ, ಅವರು ಬಾಗಿಲು ತೆರೆಯುವಷ್ಟರಲ್ಲಿ ಹೊರಟುಹೋಗಿದ್ದರು. ಸಿದ್ಧಾರೂಢರು ಅದನ್ನು ತಿಂದು, ಡಬ್ಬಿ ತೊಳೆದು, ಬರಿದಾಗಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ, ತಲುಪಿಸಲು ನನ್ನ ಕೈಗೆ ಕೊಟ್ಟರು.

ಮಗಳು ನಿಸರ್ಗಾ ಬರ್ಕ್ಲಿಯಲ್ಲಿ ಸಂಶೋಧನೆಯಲ್ಲಿದ್ದಳು. ವಾರದ ಕೊನೆಗೆ ಬಂದಾಗ ಹೇಳಿಬಿಡಿ ಅಪ್ಪಾ, ಏನಿತ್ತೋ ಅದನ್ನು ಹೇಳಿ ಮುಗಿಸಿ ಎಂದು ಇಂಗ್ಲಿಷಿನಲ್ಲಿ ಬೇಡುತ್ತಿದ್ದಳು. ಅವರು ಕನ್ನಡದಲ್ಲಿ ಊಟಕ್ಕೆ ಏನು ಮಾಡಲಿ ಎಂದು ಕೇಳುತ್ತಿದ್ದರು. ಒಮ್ಮೆ ಅವಳು ಸಿಟ್ಟಿನಲ್ಲಿ, ಅಮ್ಮ ಇದ್ದಿದ್ದರೆ ಅವಳಿಗಾದರೂ ಹೇಳುತ್ತಿದ್ದಿರಾ ಎಂದು ಕೇಳಿದಳಂತೆ. "ನಿಮ್ಮವ್ವಗೂ ಹೇಳಿದ್ದಿಲ್ಲ" ಎಂದರಂತೆ ಅವರು. ಅದನ್ನು ನನಗೆ ಹೇಳುವಾಗ ಅವಳ ಕಣ್ಣಲ್ಲಿ ಇದ್ದುದು ಕೋಪವೋ ಹೆದರಿಕೆಯೋ ಗೊತ್ತಾಗಲಿಲ್ಲ.

ಅರ್ಧ ವರ್ಷ ಕಳೆಯುವಷ್ಟರಲ್ಲಿ ಜನ ಬೇರೆ ವಿಡಿಯೋಗಳಿಗೆ ಹೊರಳಿದ್ದರು. ಅರ್ಜಿ ಎಲ್ಲಿ ಹೋಯಿತೋ ಯಾರೂ ವಿಚಾರಿಸಲಿಲ್ಲ. ಕೋಣೆ ಮುಚ್ಚಿಯೇ ಉಳಿಯಿತು. ಕೂಗಾಡಿದವರಿಗೆ ತಾವು ಕೂಗಾಡಿದ್ದೇ ಮರೆತುಹೋಗಿತ್ತು. ಆದರೆ ಇಬ್ಬರು ಮುದುಕರು, ಒಬ್ಬರಿಗೊಬ್ಬರು ಹದಿನೈದು ಮೈಲಿ ದೂರದಲ್ಲಿ, ಫೋನು ಪಕ್ಕದಲ್ಲಿಟ್ಟುಕೊಂಡು, ಮೊದಲು ಯಾರು ಮಾಡಬೇಕೆಂದು ತಿಳಿಯದೆ ಕೂತೇ ಇದ್ದರು. ಒಬ್ಬರಿಗೆ ನಾಚಿಕೆ, ಇನ್ನೊಬ್ಬರಿಗೆ ಹೇಳಲಾಗದ ಭಾರ.

ಕಳೆದ ಚಳಿಗಾಲದಲ್ಲಿ ಸಿದ್ಧಾರೂಢರ ಹೃದಯ ಸೋಲತೊಡಗಿತು. ಕಾಲು ಊದಿಕೊಂಡವು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನಿಸರ್ಗಾ ಊಟಕ್ಕೆ ಕೆಳಗೆ ಹೋಗಿದ್ದಾಗ, ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು ಆ ಒಳಕೋಣೆಯ ಕತೆಯನ್ನು ಹೇಳಿದರು. ಹಸಿರು ಬಟ್ಟೆ, ಇಟ್ಟಿಗೆ, ಸೌಟು, ಎಲ್ಲವನ್ನೂ.

"ಆ ತಾಯಿ ಈಗ ಇರಾಕಿಲ್ಲ. ಆದ್ರೂ ಕೂಸು ಐತಲ್ಲ. ಈ ಮಾತು ಹೊತ್ಕೊಂಡ ಹೋಗಬೇಕಂತ ಮಾಡಿದ್ದೆ, ತಂಗಿ. ಆದ್ರ ಡಾಕ್ಟರು ನನ್ನ ಸುಳ್ಳ ಅಂತ ತಿಳಕೊಂಡಾರ ಅನ್ನೋದೊಂದು ತಡಿಯಾಕ ಆಗವಲ್ದು. ನಾ ಹೋದ ಮ್ಯಾಲ ಅವರಿಗೆ ಹೇಳ್ರಿ. ಮತ್ಯಾರು ಕೇಳಿದ್ರೂ ಊರು ಹೇಳಬ್ಯಾಡ್ರಿ."

"ಈಗಲೇ ಕರೆಸ್ತೀನಿ, ಸರ್. ನೀವೇ ಹೇಳಿ. ಅವರು ಬಂದೇ ಬರ್ತಾರೆ."

"ಬ್ಯಾಡ. ಈಗ ಹೇಳಿದ್ರ ಅವರು ಅಳ್ತಾರ" ಎಂದರು. "ಅದನ್ನ ನೋಡೋ ಶಕ್ತಿ ನನಗಿಲ್ಲ."

ನಾನು ಕರೆಸಲಿಲ್ಲ. ಎರಡು ವಾರದ ಮೇಲೆ, ಬೆಳಗ್ಗೆ ಚಹಾ ಕೇಳಿ, ಅದು ಬರುವಷ್ಟರಲ್ಲಿ ಅವರು ಹೋಗಿದ್ದರು.

ಬಂಗಾರೆವ್ವನ ಪಕ್ಕದಲ್ಲೇ ಜಾಗವಿತ್ತು. ಇಲ್ಲಿ ಚಳಿಗಾಲಕ್ಕೇ ಬೀಳುವ ಮೊದಲ ಮಳೆಗೆ ಗುಡ್ಡಗಳು ಹಸಿರಾಗುತ್ತಿದ್ದವು, ಆದರೆ ಅಂದು ಮಂಜು ಇಳಿದು ಯಾವ ಬಣ್ಣವೂ ಕಾಣುತ್ತಿರಲಿಲ್ಲ. ನಿಸರ್ಗಾ, ಅವಳ ಲ್ಯಾಬಿನ ಇಬ್ಬರು ಗೆಳತಿಯರು, ಜಂಗಮರು, ನಾನು, ನನ್ನ ಗಂಡ, ಒಬ್ಬ ಹಳೆಯ ವಿದ್ಯಾರ್ಥಿ. ಇಳಿಸಲು ಕೈ ಸಾಲದೆ ಸ್ಮಶಾನದ ಕೆಲಸಗಾರರೇ ಪಟ್ಟಿಯ ಎರಡು ತುದಿ ಹಿಡಿದರು. ನಿಸರ್ಗಾ ಮಣ್ಣು ಹಾಕುವಾಗ, ಅಷ್ಟು ವರ್ಷಗಳಲ್ಲಿ ನಾನು ಕೇಳಿದಂತೆ ಮೊದಲ ಸಲ, ಪೂರ್ತಿ ಕನ್ನಡದಲ್ಲಿ, ತಾಯಿಯ ಉಚ್ಚಾರದಲ್ಲಿ ಮಾತಾಡಿದಳು: "ಅಪ್ಪಾ, ಅವ್ವ ಇಲ್ಲೇ ಅದಾಳ ನೋಡು."

ಎಲ್ಲ ಮುಗಿದು ಅವಳು ಕಚೇರಿಯ ಕಡೆ ಹೋದ ಮೇಲೆ ನಾನೊಬ್ಬಳೇ ನಿಂತಿದ್ದೆ. ಆಗ ಗೇಟಿನ ಆಚೆ, ಮಂಜಿನಲ್ಲಿ ಅಷ್ಟು ಹೊತ್ತೂ ನಿಂತಿದ್ದ ಕಾರಿನ ಬಾಗಿಲು ತೆರೆಯಿತು. ಡಾಕ್ಟರ್ ಆನಂದತೀರ್ಥರು ಕೋಲೂರಿಕೊಂಡು ಬಂದರು. ಗಡ್ಡ ಬೋಳಿಸಿರಲಿಲ್ಲ. ಪೈಜಾಮದ ಮೇಲೆಯೇ ಒಂದು ಸ್ವೆಟರು.

"ಮುಗೀತಾ ಅಮ್ಮಾ?"

"ಮುಗೀತು, ಡಾಕ್ಟ್ರೇ. ಬಂದು ಇಳಿಸಬಹುದಿತ್ತಲ್ಲ."

"ಯಾವ ಮುಖ ಇಟ್ಕೊಂಡು ಬರಲಿ" ಎಂದರು.

ನಾನು ಅಲ್ಲೇ, ಹಸಿ ಮಣ್ಣಿನ ಪಕ್ಕದಲ್ಲೇ, ಅವರಿಗೆ ಹೇಳಿದೆ. ಕೂಸು ಎಂಬ ಮಾತು ಬಂದಾಗ ಅವರು ನನ್ನ ತೋಳು ಹಿಡಿದುಕೊಂಡರು, ಕೊನೆಯವರೆಗೂ ಬಿಡಲಿಲ್ಲ. ಮಕ್ಕಳ ಡಾಕ್ಟರಾಗಿ ನಲವತ್ತು ವರ್ಷ ಕೆಲಸ ಮಾಡಿದ ಕೈ ಅದು.

"ನನ್ನೊಬ್ಬನ ಕಿವೀಲಿ ಹೇಳಬಹುದಿತ್ತು."

"ಹೇಳಿದ್ರೆ ಆಗ ನೀವು ಸುಮ್ಮನಿರ್ತಿದ್ರಾ, ಡಾಕ್ಟ್ರೇ?"

ಕೇಳಿದ ಮೇಲೆ ನನಗೇ ಕ್ರೂರವೆನಿಸಿತು. ಆದರೆ ಅವರು ಕೋಪಿಸಿಕೊಳ್ಳಲಿಲ್ಲ. ರೋಗಿಯ ಲಕ್ಷಣವನ್ನು ಯೋಚಿಸುವವರಂತೆ, ತಲೆ ತಗ್ಗಿಸಿ, ಪ್ರಾಮಾಣಿಕವಾಗಿ ಯೋಚಿಸಿದರು.

"ಇಲ್ಲ" ಎಂದರು. "ಇರ್ತಿರಲಿಲ್ಲ. ಸ್ಟೇಜ್ ಮೇಲೇ ಹೇಳಿಬಿಡ್ತಿದ್ದೆ. ಅವನಿಗೆ ನಾನು ಗೊತ್ತಿದ್ದೆ."

ಆಮೇಲೆ ಸುತ್ತ ನೋಡಿ, "ತಲೆ ಯಾವ ಕಡೆ ಇದೆ?" ಎಂದು ಕೇಳಿದರು. ಕಲ್ಲು ನೆಟ್ಟಿರಲಿಲ್ಲ, ಹೊಸ ಮಣ್ಣು ಎರಡು ಕಡೆಯಿಂದಲೂ ಒಂದೇ ರೀತಿ ಕಾಣುತ್ತಿತ್ತು. ನನಗೂ ಒಂದು ಕ್ಷಣ ಗೊತ್ತಾಗಲಿಲ್ಲ. ನೆನಪಿಸಿಕೊಂಡು ತೋರಿಸಿದೆ. ಅವರು ಕೋಲನ್ನು ಆಚೆ ಇಟ್ಟು, ನನ್ನ ಭುಜ ಹಿಡಿದು, ಕಷ್ಟಪಟ್ಟು ಒದ್ದೆ ನೆಲದ ಮೇಲೆ ತಲೆಯ ಹತ್ತಿರ ಕೂತರು. "ನೀನು ಹೋಗಮ್ಮಾ, ಆ ಹುಡುಗಿ ಒಬ್ಬಳೇ ಇದಾಳೆ. ನಾನು ಸ್ವಲ್ಪ ಹೊತ್ತು ಇರ್ತೀನಿ" ಎಂದರು. ಕಚೇರಿಯ ಬಾಗಿಲಿನಿಂದ ತಿರುಗಿ ನೋಡಿದಾಗ ಮಂಜಿನಲ್ಲಿ ಅವರ ಬಗ್ಗಿದ ಬೆನ್ನಷ್ಟೇ ಕಾಣುತ್ತಿತ್ತು.

ಸತ್ಯ ಹೇಳಿ ನೊಂದವರ ಕತೆಗಳು ಎಲ್ಲ ಕಾಲದಲ್ಲೂ ಇವೆ. ತಡವಾಗಿಯಾದರೂ ಅವರಿಗೆ ಒಂದು ನಮಸ್ಕಾರ ಸಲ್ಲುತ್ತದೆ, ಏಕೆಂದರೆ ಅವರು ಹೇಳಿದ್ದು ನಾಲ್ಕು ಜನಕ್ಕೆ ಕೇಳಿಸಿರುತ್ತದೆ. ಹೇಳದೆ ನೊಂದವರಿಗೆ ಅದೂ ಇಲ್ಲ. ಪರರ ದುಃಖವೊಂದನ್ನು ಕಾಯುತ್ತೇನೆಂದು ಇಂಥವರು ಯಾವುದೋ ಒಂದು ದಿನ, ಕರುಣೆಯ ಒಂದು ಗಳಿಗೆಯಲ್ಲಿ, ಹೂಂ ಎಂದುಬಿಡುತ್ತಾರೆ. ಆ ಹೂಂ ಎಂಬುದು ಜೀವಮಾನದಷ್ಟು ಉದ್ದವಿದೆ ಎಂದು ತಿಳಿಯುವುದು ಆಮೇಲೆ. ಅವರು ಹಟಮಾರಿಗಳೆನ್ನಿಸಿಕೊಳ್ಳುತ್ತಾರೆ, ಸುಳ್ಳರೆನ್ನಿಸಿಕೊಳ್ಳುತ್ತಾರೆ, ಒಂಟಿಯಾಗಿ ಹಾಲು ತರುತ್ತಾರೆ. ಅವರನ್ನು ಪೂಜಿಸುವುದು ನನ್ನಿಂದಾಗದು. ಆ ಹೂಂ ಎಂಬುದರ ಬೆಲೆಯನ್ನು ಅವರೊಬ್ಬರೇ ತೆರುವುದಿಲ್ಲ ಎಂದು ಕಣ್ಣಾರೆ ಕಂಡಿದ್ದೇನೆ. ಅವರನ್ನು ಪ್ರೀತಿಸಿದ ಮಗಳು, ಗೆಳೆಯ, ಎಲ್ಲರೂ ಏಕೆಂದು ತಿಳಿಯದೆಯೇ ತೆರುತ್ತಾರೆ. ತಿಳಿಯುವ ಹೊತ್ತಿಗೆ, ತಪ್ಪಾಯಿತು ಎಂದು ಹೇಳಲು ಎದುರಿಗೆ ಮಣ್ಣಷ್ಟೇ ಉಳಿದಿರುತ್ತದೆ.